ರಾಜಕುಮಾರನ ಕೆನ್ನೆ

ನಖೋನ್ ಸವಾನ್
ಜೂನ್ ೪

ಲಮೂನ್,

ಎಂಟು ವರ್ಷದ ಮೇಲೆ ನನ್ನ ಕೈಬರಹ ನೋಡಿ ಯಾರೋ ತೀರಿಕೊಂಡರು ಎಂದುಕೊಳ್ಳಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಫೋನು ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಅದಕ್ಕೇ ನನ್ನನ್ನು ನೋಡಲು ಬಂದಿರುವ ಫಾಯ್ ಈ ಶನಿವಾರ ನಿನ್ನಲ್ಲಿಗೆ ವಾಪಸು ಹೊರಟಾಗ ಅವಳ ಕೈಲಿ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ. ಓದಬೇಡ ಎಂದು ಮಗಳಿಗೆ ಹೇಳಿದ್ದೇನೆ. ಓದಿದರೂ ಓದಿಯಾಳು.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನನ್ನ ಮುಖಕ್ಕೆ ಆಪರೇಷನ್ ಮಾಡಿಸಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೇನೆ. ಜೋತುಬಿದ್ದ ಕೆನ್ನೆ, ಗಲ್ಲ ಎಲ್ಲವನ್ನೂ ಎತ್ತಿ ಕಟ್ಟುವ ಆಪರೇಷನ್. ಮಾಡಿಸುವುದಾದರೆ ಮನೆಯವರೊಬ್ಬರು ಸಹಿ ಹಾಕಬೇಕು, ಐದು ದಿನ ಜೊತೆಗಿರಬೇಕು. ಕಾಗದಪತ್ರದ ಪ್ರಕಾರ ನೀನಿನ್ನೂ ನನ್ನ ಹೆಂಡತಿ. ಬರುತ್ತೀಯಾ?

ಇಷ್ಟು ಓದಿ ನಗುತ್ತಿರುತ್ತೀಯ. ನಗು. ನಕ್ಕು ಮುಗಿಸಿದ ಮೇಲೆ ಮುಂದಿನದನ್ನು ಓದು.

ನಲವತ್ತಮೂರಕ್ಕೆ ಇದು ಬರಬಾರದಿತ್ತು. ಎರಡು ವರ್ಷದ ಹಿಂದೆ ಥೈರಾಯ್ಡ್ ಏರಿ ಹದಿನೆಂಟು ಕಿಲೋ ಇಳಿದೆ. ಗುಳಿಗೆ ನುಂಗಿ ಮೈ ಮತ್ತೆ ತುಂಬಿಕೊಂಡಿತು, ಮುಖ ತುಂಬಿಕೊಳ್ಳಲಿಲ್ಲ. ಬಾಯಿಯ ಎರಡೂ ಪಕ್ಕ ಕೆನ್ನೆ ಚೀಲದ ಹಾಗೆ ಇಳಿದು ನಿಂತಿತು. ಅಂದಿನಿಂದ ನಾಟಕಕ್ಕೆ ಮುಂಚೆ ಕಣತಲೆಯ ಹತ್ತಿರ ಅಂಟುಪಟ್ಟಿ ಹಚ್ಚಿ, ಚರ್ಮವನ್ನು ಹಿಂದಕ್ಕೆ ಎಳೆದು, ದಾರದಿಂದ ತಲೆಯ ಹಿಂದೆ ಬಿಗಿದು, ಮೇಲೆ ಹೊಳೆಯುವ ಕಲ್ಲಿನ ಹಣೆಪಟ್ಟಿ ಕಟ್ಟಿಕೊಂಡು ರಾಜಕುಮಾರನಾಗುತ್ತಿದ್ದೆ. ನಮ್ಮ ಲಿಕೇ ನಾಟಕ ಆಡುವವರಲ್ಲಿ ಅರ್ಧ ಜನ ಹೀಗೇ ಎಳೆದು ಕಟ್ಟುವವರೇ ಎಂದು ನಿನಗೆ ಹೇಳಬೇಕಾಗಿಲ್ಲ. ನಾನು ಮಾತ್ರ ಹುಬ್ಬು ಅಲ್ಲಾಡದಷ್ಟು ಬಿಗಿಯುತ್ತಿದ್ದೆ.

ಏಪ್ರಿಲಿನಲ್ಲಿ ದೇವರ ಗುಡಿಯ ಮುಂದೆ ಯಾರದೋ ಹರಕೆಯ ಆಟ. ಬೆಳಗಿನ ಹತ್ತು ಗಂಟೆಯ ಬಿಸಿಲು. ರಾಜಕುಮಾರ ಕಾಡುಪಾಲಾಗಿ ಅಳುವ ದೃಶ್ಯ. ಬೆವರಿಗೆ ಎಡಗಡೆಯ ಅಂಟುಪಟ್ಟಿ ಬಿಟ್ಟುಕೊಂಡಿತು, ಅರ್ಧ ಮುಖ ದೊಪ್ಪನೆ ಇಳಿಯಿತು. ಮುಂದಿನ ಚಾಪೆಯಲ್ಲಿದ್ದ ಮುದುಕಿಯೊಬ್ಬಳು ಎದ್ದು ನಿಂತು, "ಅಯ್ಯಯ್ಯೋ, ಹುಡುಗನಿಗೆ ಲಕ್ವ ಹೊಡೀತು! ಯಾರಾದ್ರೂ ಕಾರು ತನ್ರೋ!" ಎಂದು ಕೂಗಿದಳು. ಡೋಲಿನವನು ಬಾರಿಸುವುದನ್ನೇ ನಿಲ್ಲಿಸಿದ. ನಾನು ಅಂಗೈಯಿಂದ ಕೆನ್ನೆ ಎತ್ತಿ ಹಿಡಿದು, ದುಃಖದಲ್ಲಿ ಮುಖ ಆನಿಸಿಕೊಂಡವನ ಹಾಗೆ ಉಳಿದ ಹಾಡು ಮುಗಿಸಿದೆ. ಚಪ್ಪಾಳೆ ಬಿತ್ತು. ಬಣ್ಣ ಹಚ್ಚಿಕೊಳ್ಳುವ ಡೇರೆಯಲ್ಲಿ ಮಾತ್ರ ಒಬ್ಬರೂ ನನ್ನ ಕಡೆ ನೋಡಲಿಲ್ಲ.

ಸಂಗ್ವಾನ್ ದೊಡ್ಡಮ್ಮ ನೆಟ್ಟಗೆ ಒಳಗೇ ಬಂದರು. ಐಸ್ ಫ್ಯಾಕ್ಟರಿಯನ್ನು ಮಗಳಿಗೆ ಬಿಟ್ಟುಕೊಟ್ಟಿದ್ದಾರೆ, ಮುಂದಿನ ಚಾಪೆಯನ್ನು ಬಿಟ್ಟುಕೊಟ್ಟಿಲ್ಲ. ಇಪ್ಪತ್ತು ವರ್ಷದಿಂದ ನನಗೆ ನೋಟಿನ ಹಾರ ಹಾಕಿ ತಂಡವನ್ನು ಸಾಕುತ್ತ ಬಂದವರು. ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ಮಾವಿನಹಣ್ಣು ನೋಡುವ ಹಾಗೆ ನೋಡಿ, "ಎತ್ತಿಸ್ಕೊಂಡುಬಿಡೋ ಮಗಾ. ನನ್ನ ಸೊಸೆ ಹೋದ ಡಾಕ್ಟರು ಇದಾರೆ. ಇಲ್ಲದಿದ್ರೆ ಇನ್ನೊಂದ್ಸಲ ನನ್ನ ಎದೆ ನಿಂತುಹೋಗತ್ತೆ ನೋಡು" ಎಂದರು. ಮುಂದಿನ ವಾರ ತಾವೇ ಬ್ಯಾಂಕಾಕಿಗೆ ಕರೆದುಕೊಂಡು ಹೋದರು.

ಡಾಕ್ಟರು ಹೆಂಗಸು. ಸಣ್ಣಗೆ ಮಾತಾಡುತ್ತಾರೆ. ನಾನು ಇಪ್ಪತ್ತೆಂಟನೆಯ ವಯಸ್ಸಿನ ಫೋಟೋ ತೆಗೆದುಕೊಂಡು ಹೋಗಿದ್ದೆ. ಅದನ್ನು ನೋಡಿ ಹಿಂದಕ್ಕೆ ಕೊಟ್ಟರು. "ಇವನನ್ನ ನಾನು ವಾಪಸ್ ತರೋಕಾಗಲ್ಲ. ಚೆನ್ನಾಗಿ ನಿದ್ದೆ ಮಾಡಿ ಎದ್ದಿರೋ ನಲವತ್ತಮೂರರವನನ್ನ ಬೇಕಾದ್ರೆ ಕೊಡಬಹುದು" ಎಂದರು. ತೂಕ ಇಳಿದದ್ದು, ಬಿಸಿಲು, ಸಿಗರೇಟು, ದಿನವೂ ಎಳೆದು ಕಟ್ಟಿದ್ದು, ಎಲ್ಲ ಸೇರಿ ಹನ್ನೆರಡು ವರ್ಷ ಮುಂಚೆಯೇ ಬಂದಿದೆಯಂತೆ. ಚರ್ಮ ಎಳೆದರೆ ಸಾಲದು, ಒಳಗಿನ ಪದರವನ್ನೇ ಎತ್ತಿ ಹೊಲಿಯಬೇಕಂತೆ. ಎರಡು ಮೂರು ವಾರ ಊತ. ನೂರರಲ್ಲಿ ಒಬ್ಬಿಬ್ಬರಿಗೆ ನರ ಮಂಕಾಗಿ ಬಾಯಿಯ ಮೂಲೆಯೋ ಹುಬ್ಬೋ ಕೆಲವು ತಿಂಗಳು ಆಡುವುದಿಲ್ಲ, ತೀರಾ ಅಪರೂಪಕ್ಕೆ ಕೊನೆಯವರೆಗೂ ಆಡುವುದಿಲ್ಲ. "ಹಾಡುವಾಗ ಬಾಯಿ ಎಷ್ಟು ತೆರೀತೀರಿ? ಹಾಡಿ ನೋಡೋಣ" ಎಂದರು. ಹಾಡಿದೆ. ನರ್ಸುಗಳು ಬಾಗಿಲಿಗೆ ಬಂದು ನಿಂತರು. ಡಾಕ್ಟರು ಹಾಡು ಕೇಳಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಸಿಗರೇಟು ಬಿಟ್ಟು ಒಂಬತ್ತು ದಿನವಾಯಿತು. ಅದೊಂದೇ ತೀರ್ಮಾನ ಆಗಿರುವುದು.

ಇನ್ನೊಂದು ವಿಷಯವಿದೆ. ಅದನ್ನು ಬರೆಯದೆ ನಿನ್ನ ಸಹಿ ಕೇಳುವುದು ಸರಿಯಲ್ಲ. ಎಂಟು ವರ್ಷದ ಹಿಂದೆ ಪಿಚಿತ್ ಊರಿನಲ್ಲಿ ನಿನ್ನನ್ನು ರಾಜಕುಮಾರಿಯ ಪಾರ್ಟಿನಿಂದ ತೆಗೆದು ತಾಯಿಯ ಪಾರ್ಟಿಗೆ ಹಾಕಿದಾಗ, ಸಂಗ್ವಾನ್ ದೊಡ್ಡಮ್ಮ ಹೊಸ ಮುಖ ಬೇಕೆಂದು ಹಟ ಹಿಡಿದಿದ್ದಾರೆ, ನನ್ನ ಕೈಲಿ ಏನೂ ಇಲ್ಲ ಎಂದೆ. ಅವರು ಕೇಳಿರಲೇ ಇಲ್ಲ. ಯಾರೂ ಕೇಳಿರಲಿಲ್ಲ. ಎರಡನೆಯ ಮಗು ಉಳಿಯದೆ ಹೋದ ಮೇಲೆ ನೀನು ಸೊರಗಿದ್ದೆ, ನಿನ್ನ ಕೆನ್ನೆ ಇಳಿದಿತ್ತು. ನೀನು ಪಕ್ಕದಲ್ಲಿ ನಿಂತರೆ ಜನ ನನ್ನ ವಯಸ್ಸನ್ನೂ ಎಣಿಸುತ್ತಾರೆ ಎಂದು ನಾನು ಹೆದರಿದೆ. ಮೂವತ್ತೆರಡಕ್ಕೆ ನೀನು ನನ್ನ ತಾಯಿಯಾಗಿ ರಂಗಕ್ಕೆ ಬಂದೆ. ನಾನು ದಿನವೂ ನಿನ್ನ ಕಾಲಿಗೆ ಬಿದ್ದು ಆಶೀರ್ವಾದ ಬೇಡುತ್ತಿದ್ದೆ.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ, "ನಾನು ಮುಖ ಎತ್ತಿಸ್ಕೊಳ್ಲಾ?" ಎಂದು ನೀನು ಕೇಳಿದೆ. "ಅಮ್ಮನ ಪಾರ್ಟಿಗೆ ಅದೆಲ್ಲ ಯಾಕೇ? ಹೀಗಿದ್ರೇನೇ ಸಲೀಸು, ಬಣ್ಣ ಉಳಿಯತ್ತೆ" ಎಂದೆ ನಾನು. ತಂಡದವರು ನಕ್ಕರು. ನೀನು ತಟ್ಟೆ ತೊಳೆದಿಟ್ಟು ಒಳಗೆ ಹೋದೆ. ಎರಡು ವಾರಕ್ಕೆ ಮಗಳನ್ನು ಕರೆದುಕೊಂಡು ಹೊರಟುಹೋದೆ.

ಡೇರೆಯಲ್ಲಿ ಯಾರೂ ನನ್ನ ಮುಖ ನೋಡದೆ ಇದ್ದ ದಿನ ಆ ತಟ್ಟೆ ತೊಳೆದ ಸದ್ದು ಕೇಳಿಸಿತು. ಅದಕ್ಕೂ ಮುಂಚೆ ಕೇಳಿಸಿರಲಿಲ್ಲ ಎಂದರೆ ನಾನು ಎಂಥವನು ಎಂದು ನಿನಗೆ ಗೊತ್ತೇ ಇದೆ.

ಹತ್ತೊಂಬತ್ತನೆಯ ತಾರೀಖು ಅದೇ ಗುಡಿಯ ಮುಂದೆ ಮತ್ತೊಂದು ಹರಕೆಯ ಆಟವಿದೆ. ಪಟ್ಟಿ ಕಟ್ಟದೆ, ರಾಜನ ಪಾರ್ಟು, ಅಂದರೆ ಹುಡುಗನ ತಂದೆಯ ಪಾರ್ಟು ನಾನು ಮಾಡುತ್ತೇನೆ. ರಾಜಕುಮಾರನ ಪಾರ್ಟು ಕೊಮ್‌ಗೆ. ಇಪ್ಪತ್ತಾರರವನು, ಚೆನ್ನಾಗಿ ಹಾಡುತ್ತಾನೆ, ಕೈ ಎಲ್ಲಿಡಬೇಕೆಂದು ಇನ್ನೂ ತಿಳಿಯದು. ಅದು ಹೇಗಾಗುತ್ತದೋ ನೋಡಿ ತೀರ್ಮಾನ ಮಾಡೋಣವೆಂದಿದ್ದೇನೆ. ನೀನು ಬರುವುದಿಲ್ಲ ಎಂದರೂ ಒಂದು ಸಾಲು ಬರೆ.

ವಿರೋತ್

ತಾ.ಕ.: ಈ ಕಾಗದದ ವಿಷಯ ದೊಡ್ಡಮ್ಮನಿಗೆ ಗೊತ್ತಿಲ್ಲ. ಅವರ ಹೆಸರು ಹೇಳಿ ನಿನ್ನನ್ನು ಇಳಿಸಿದೆ ಎಂಬುದೂ ಗೊತ್ತಿಲ್ಲ.


ಫಿತ್ಸನುಲೋಕ್
ಜೂನ್ ೨೩

ವಿರೋತ್ ಅವರಿಗೆ,

ನಿಮ್ಮ ಕಾಗದ ಫಾಯ್ ಕೊಟ್ಟಳು. ಓದಿಯೇ ಕೊಟ್ಟಿದ್ದಾಳೆ. ಕವರಿಗೆ ಮತ್ತೆ ಹಚ್ಚಿದ ಅಂಟು ಇನ್ನೂ ಆರಿರಲಿಲ್ಲ.

ಉತ್ತರ ಬರೆಯಲು ಎರಡು ಸಲ ಕೂತೆ, ಎರಡು ಸಲವೂ ಬೈಗುಳವೇ ಬಂತು. ಹರಿದು ಹಾಕಿ ಹೊಲಿಗೆಗೆ ಕೂತೆ. ಚಾಯ್‌ನಾಟ್ ಊರಿನ ತಂಡವೊಂದಕ್ಕೆ ಹನ್ನೊಂದು ಜೊತೆ ಉಡುಪು ಕೊಡಬೇಕಿತ್ತು. ಆದರೂ ಹತ್ತೊಂಬತ್ತನೆಯ ತಾರೀಖು ಬೆಳಿಗ್ಗೆ ಅಂಗಡಿ ಮುಚ್ಚಿ ಬಸ್ಸು ಹತ್ತಿದೆ. ದೊಡ್ಡ ಟೋಪಿ ಹಾಕಿಕೊಂಡು, ಹುರಿದ ಬಾಳೆಹಣ್ಣು ಮಾರುವವಳ ಪಕ್ಕದ ನೆರಳಲ್ಲಿ ಕೂತು ನಿಮ್ಮ ಆಟ ನೋಡಿದೆ. ನಿಮಗೆ ಕಾಣಿಸಬಾರದೆಂದೇ ಅಲ್ಲಿ ಕೂತದ್ದು.

ನೀವು ರಾಜನಾಗಿ ಬಂದಾಗ ಯಾರಿಗೂ ಗುರುತು ಸಿಗಲಿಲ್ಲ. ಬಾಳೆಹಣ್ಣಿನವಳು, "ಈ ಮುದುಕ ಯಾರೇ, ಹೊಸಬನಾ? ದನಿ ಮಾತ್ರ ಥೇಟ್ ನಮ್ಮ ವಿರೋತ್‌ದೇ" ಎಂದಳು. ಟೋಪಿಯನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಂಡೆ. ಆಮೇಲೆ ಕೊಮ್ ಹಾಡು ಮುಗಿಸಿದಾಗ ಸಂಗ್ವಾನ್ ದೊಡ್ಡಮ್ಮ ಎದ್ದು ಹೋಗಿ ಹಾರವನ್ನು ಅವನ ಕತ್ತಿಗೆ ಹಾಕಿದರು. ನೀವು ಅದನ್ನು ನೋಡಿದಿರಿ. ನಿಮ್ಮ ಮುಂದಿನ ಮಾತು ತಡವಾಯಿತು, ಡೋಲಿನವನು ಎರಡು ಪೆಟ್ಟು ಹೆಚ್ಚಿಗೆ ಬಾರಿಸಿ ನಿಮ್ಮನ್ನು ಕಾಪಾಡಿದ. ಉಳಿದವರಿಗೆ ತಿಳಿಯಲಿಲ್ಲ. ನಾನು ಹತ್ತು ವರ್ಷ ನಿಮ್ಮ ಎದುರು ನಿಂತು ಆಡಿದವಳು.

ಆದರೆ ಮಗನನ್ನು ಬೈಯುವ ದೃಶ್ಯದಲ್ಲಿ ನಿಮ್ಮ ಹುಬ್ಬು ಎರಡೂ ಮೇಲಕ್ಕೆ ಹೋದವಲ್ಲ, ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗನನ್ನು ಕಾಡಿಗೆ ಕಳಿಸಿ ಒಬ್ಬರೇ ನಿಂತಾಗ ಏನೂ ಮಾಡದೆ ನಿಂತಿರಿ. ಕೆನ್ನೆ ಹೇಗಿತ್ತೋ ಹಾಗೆ ಬಿಟ್ಟು. ಬಾಳೆಹಣ್ಣಿನವಳು ಎಣ್ಣೆಯ ಬಾಣಲೆಯನ್ನೇ ಮರೆತಳು, ಒಂದು ಸುತ್ತು ಕರಕಲಾಯಿತು. ನೀವು ರಾಜಕುಮಾರನಾಗಿ ಅಷ್ಟು ಚೆನ್ನಾಗಿ ಆಡಿದ್ದನ್ನು ನಾನು ಯಾವತ್ತೂ ನೋಡಿಲ್ಲ. ಇದು ಹೊಗಳಿಕೆಯಲ್ಲ, ಕಂಡದ್ದನ್ನು ಬರೆದೆ.

ಆಟ ಮುಗಿದ ಮೇಲೆ ನಾನು ನಿಮ್ಮ ಡೇರೆಗೆ ಬರಲಿಲ್ಲ. ದೊಡ್ಡಮ್ಮನ ಹತ್ತಿರ ಹೋಗಿ ಕೈಮುಗಿದು ಕೂತೆ. ನಿಮಗೆ ಒಂದು ವಿಷಯ ಗೊತ್ತಿಲ್ಲ. ನಾನು ಊರು ಬಿಟ್ಟ ವರ್ಷ ಅವರು ನನ್ನ ಅಂಗಡಿ ಹುಡುಕಿಕೊಂಡು ಬಂದಿದ್ದರು, ನಾನು ಒಳಗಿದ್ದೂ ಬಾಗಿಲು ತೆಗೆಯಲಿಲ್ಲ. ಅವರ ಗಂಡ ತೀರಿಕೊಂಡಾಗಲೂ ಹೋಗಲಿಲ್ಲ. ಯಾಕೆಂದು ಈಗ ಎಲ್ಲ ಹೇಳಿದೆ. ಅವರು ಬೀಸಣಿಗೆ ಕೆಳಗಿಟ್ಟರು.

"ನಾನೇನೇ ಮಾಡ್ದೆ ನಿಂಗೆ ಅಂತ ಎಂಟು ವರ್ಷ ಯೋಚ್ನೆ ಮಾಡಿದೀನಿ. ಕೊನೆಗೆ, ಒಂದ್ಸಲ ನಿನ್ನ ಉಡುಪು ಚೆನ್ನಾಗಿಲ್ಲ ಅಂದಿದ್ದೆ, ಅದಕ್ಕೇ ಇರಬೇಕು ಅಂದ್ಕೊಂಡೆ" ಎಂದರು. ಇಬ್ಬರೂ ಅತ್ತೆವು. ಆಮೇಲೆ ನನ್ನ ಟೋಪಿ ತೆಗೆಸಿ ನೋಡಿ, "ನೀನು ಮಾತ್ರ ಹಾಗೇ ಇದ್ದೀಯಲ್ಲೇ!" ಎಂದರು.

ನೀವು ನನ್ನನ್ನು ತಾಯಿಯ ಪಾರ್ಟಿಗೆ ಇಳಿಸಿದ್ದನ್ನು ನಾನು ಎಂದೋ ಜೀರ್ಣಿಸಿಕೊಂಡಿದ್ದೆ. ಆಟದಲ್ಲಿ ಅದು ಎಲ್ಲರಿಗೂ ಬರುವುದೇ. ಊಟದ ಹೊತ್ತಿನ ಆ ಮಾತನ್ನೂ ಬೇಕಾದರೆ ಬಿಟ್ಟೇನು. ನನ್ನ ಎಂಟು ವರ್ಷದ ಸಿಟ್ಟನ್ನು ಆ ಮುದುಕಿಯ ವಿಳಾಸಕ್ಕೆ ಕಳಿಸಿದಿರಲ್ಲ, ಅದನ್ನು ಈಗಲೇ ಕ್ಷಮಿಸಿದೆ ಎಂದು ಬರೆಯಲು ನನ್ನಿಂದ ಆಗುವುದಿಲ್ಲ.

ಆಟದ ಮರುದಿನ ಬೆಳಿಗ್ಗೆಯೇ ನೀವು ಬ್ಯಾಂಕಾಕಿಗೆ ಫೋನು ಮಾಡಿ ಜುಲೈ ಇಪ್ಪತ್ತನಾಲ್ಕಕ್ಕೆ ದಿನ ಗೊತ್ತುಮಾಡಿದಿರಿ ಎಂದು ಫಾಯ್ ಹೇಳಿದಳು. ರಾಜಕುಮಾರನ ಪಾರ್ಟು ಇನ್ನು ಮುಂದೆ ಕೊಮ್‌ಗೇ ಎಂದೂ ತಂಡಕ್ಕೆ ಹೇಳಿದಿರಂತೆ. ದೊಡ್ಡಮ್ಮನಿಗೆ ಇದರ ತಲೆಬುಡ ತಿಳಿಯಲಿಲ್ಲ. ನಿನ್ನೆ ಫೋನು ಮಾಡಿ, "ಮುದುಕನ ಪಾರ್ಟು ಮಾಡೋನಿಗೆ ಮುಖ ಎತ್ತಿಸೋದು ಯಾಕೇ? ಇವನಿಗೆ ಬುದ್ಧಿ ನೆಟ್ಟಗಿದೆಯಾ?" ಎಂದರು. "ಪಾರ್ಟಿಗಲ್ಲ ದೊಡ್ಡಮ್ಮ, ಅವರಿಗೇ ಬೇಕು ಅನ್ಸಿದೆ. ಮಾಡಿಸ್ಕೊಳ್ಲಿ ಬಿಡಿ" ಎಂದೆ. ಅಷ್ಟು ಚೆನ್ನಾಗಿ ಆಡಿದ ಮೇಲೆ ಆಪರೇಷನ್ ಬೇಡವೆನ್ನುತ್ತೀರಿ ಎಂದೇ ನಾನೂ ಮೊದಲು ಎಣಿಸಿದ್ದೆ. ಆದರೂ ಬೇಕು ಎಂದದ್ದು ಕೇಳಿ ನನಗೆ ಆಶ್ಚರ್ಯವಾಗಲಿಲ್ಲ.

ಬರುತ್ತೇನೆ. ಸಹಿ ಹಾಕುತ್ತೇನೆ, ಐದು ದಿನ ಇರುತ್ತೇನೆ, ಆರನೆಯ ದಿನ ವಾಪಸು. ಅದಕ್ಕೆ ಮುಂಚೆ ನೀವು ದೊಡ್ಡಮ್ಮನ ಮನೆಗೆ ಹೋಗಿ ನಿಮ್ಮ ಬಾಯಿಂದಲೇ ಹೇಳಬೇಕು. ನನ್ನ ಬಾಯಿಂದ ಕೇಳಿದ್ದಾರೆ ಎಂದು ತಪ್ಪಿಸಿಕೊಳ್ಳಬೇಡಿ. ಅಂದು ಊಟಕ್ಕೆ ಕೂತು ನಕ್ಕವರಲ್ಲಿ ಈಗಲೂ ತಂಡದಲ್ಲಿರುವವರ ಮುಂದೆಯೂ ಹೇಳಬೇಕು.

ಲಮೂನ್

ತಾ.ಕ.: ಗಟ್ಟಿ ದಿಂಬು ಎರಡು ತನ್ನಿ, ತಲೆ ಎತ್ತರದಲ್ಲಿಟ್ಟು ಮಲಗಬೇಕು. ಮುಂದೆ ಗುಂಡಿ ಇರುವ ಅಂಗಿ ತನ್ನಿ, ತಲೆಯ ಮೇಲಿಂದ ತೊಡುವುದು ಆಗುವುದಿಲ್ಲ. ಮೊದಲ ಮೂರು ದಿನ ಗಂಜಿ, ಅದೂ ಆರಿದ ಮೇಲೆ. ಮೂರನೆಯ ದಿನ ಕನ್ನಡಿ ನೋಡಿದರೆ ಯಾಕಾದರೂ ಮಾಡಿಸಿದೆನೋ ಎಂದು ಅಳು ಬರುತ್ತದೆ, ಅಂದು ಕನ್ನಡಿ ಬೇಡ. ಕಿವಿಯ ಹಿಂದೆ ಐದಾರು ತಿಂಗಳು ಜೋಮು ಇರುತ್ತದೆ. ನಾನು ಮಾಡಿಸಿಕೊಂಡು ನಾಲ್ಕು ವರ್ಷವಾಯಿತು. ಆಗ ನಾನು ಯಾವ ಪಾರ್ಟೂ ಮಾಡುತ್ತಿರಲಿಲ್ಲ, ಹೊಲಿಗೆ ಮಿಷನ್ನಿನ ಮುಂದೆ ತಲೆ ತಗ್ಗಿಸಿ ಕೂರುವವಳ ಮುಖ ಯಾರೂ ನೋಡುವುದೂ ಇಲ್ಲ. ಫಾಯ್‌ಗೆ ಗೊತ್ತು, ನಿಮಗೆ ಹೇಳಬೇಡ ಎಂದಿದ್ದೆ. ಸಹಿ ಹಾಕಿದವಳು ಪಕ್ಕದ ಇಸ್ತ್ರಿ ಅಂಗಡಿಯ ಹೆಂಗಸು. ರೋಗಿಗೆ ನೀವು ಏನಾಗಬೇಕು ಎಂದು ಆಸ್ಪತ್ರೆಯವರು ಕೇಳಿದ್ದಕ್ಕೆ ಅಕ್ಕ ಎಂದು ಸುಳ್ಳು ಹೇಳಿದಳು.