ಕೊರಳತನಕ ಕಲಾಯಿ

ಇಚಲಕರಂಜಿ,
ಚೈತ್ರ ಶುದ್ಧ ದಶಮಿ, 1943

ಪ್ರೀತಿಯ ಮಂಗಲಕ್ಕನಿಗೆ ನಿಮ್ಮ ನೆಗೆಣ್ಣಿ ಶಾಲನ ಮಾಡುವ ನಮಸ್ಕಾರಗಳು.

ಗಡಹಿಂಗ್ಲಜದಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಭಾವನವರ ಮೊಣಕಾಲ ನೋವು ಹೇಗಿದೆ? ನಿಮ್ಮ ಮಗಳು ಜಿನ್ನಿಯ ಹೊಟ್ಟೆ ಸರಿಯಾಗಿದೆಯೆ? ನಾಲ್ಕು ವರ್ಷದ ಮಕ್ಕಳ ಹೊಟ್ಟೆ ಬೇಸಿಗೆಯಲ್ಲಿ ಬೇಗ ಕೆಡುತ್ತದೆ, ಅದಕ್ಕೆ ಕೇಳಿದೆ. ನಿಮ್ಮ ಪತ್ರ ಬಂದು ಐದು ದಿನವಾಯಿತು. ಇಲ್ಲಿಂದ ಹಪ್ಪಳ ತುಂಬಿಕೊಂಡು ಹೋದ ಹಂಡೆಯ ಬಾಯಿಬಟ್ಟೆ ಇನ್ನೂ ಬಿಚ್ಚಿಲ್ಲ, ಮಹಾವೀರ ಜಯಂತಿಯ ದಿನವೇ ಬಿಚ್ಚಿ, ಅದೇ ಹಂಡೆಯಲ್ಲಿ ಮಾವಿನಕಾಯಿಯ ಕೈರಿ ಪಾನಕ ಮಾಡಿ ಮೆರವಣಿಗೆಯ ಮಕ್ಕಳಿಗೆಲ್ಲ ಕೊಡುತ್ತೇನೆ ಎಂದು ಬರೆದಿದ್ದೀರಿ. ಒಳ್ಳೆಯ ಕೆಲಸ. ಅದರ ಮಾತು ಕೊನೆಗೆ ಬರೆಯುತ್ತೇನೆ. ಈ ಪತ್ರವನ್ನು ಟಪಾಲಿಗೆ ಹಾಕದೆ ನಮ್ಮ ರಾಯಪ್ಪನ ಕೈಯಲ್ಲಿ ಕಳಿಸಿದ್ದೇನೆ. ಮಗ್ಗದ ಸೀರೆಯ ಗಂಟು ಹೊತ್ತು ಹೇಗೂ ನಿಮ್ಮ ಊರಿನ ಪೇಟೆಗೆ ಬರುವವನು. ನೀವು ಕೊನೆಯ ಸಾಲು ಓದಿ ಮುಗಿಸುವ ತನಕ ಕಟ್ಟೆ ಬಿಟ್ಟು ಏಳಬೇಡವೆಂದು ಹೇಳಿದ್ದೇನೆ. ಆದ್ದರಿಂದ ಕುಳಿತುಕೊಂಡು, ಸಾಲು ಬಿಡದೆ ಓದಿರಿ.

ನಮ್ಮ ಕುಂಥುನಾಥ ಈಗ ಎದ್ದು ಕೂರುತ್ತಾನೆ. ಹದಿನಾಲ್ಕು ತಿಂಗಳ ಕೂಸಿನ ಉಡಿದಾರ ಸೊಂಟಕ್ಕೆ ಎರಡು ಸುತ್ತು ಬರುವಷ್ಟು ಸಣ್ಣಗಾಗಿದ್ದಾನೆ. ನನಗೆ ನಿದ್ದೆ ಬಿಟ್ಟು ಹೋಗಿದೆ. ಅವನ ಮೂಗಿನ ಕೆಳಗೆ ಬೆರಳು ಹಿಡಿದು ನೋಡುವುದು, ಉಸಿರು ತಾಗಿದರೆ ಮಗ್ಗದ ಚಿಂದಿಯ ಕೌದಿಗೆ ನಾಲ್ಕು ಹೊಲಿಗೆ ಹಾಕುವುದು, ಮತ್ತೆ ಬೆರಳು ಹಿಡಿಯುವುದು. ಹೀಗೆ ಒಂದು ಕೌದಿ ಮುಗಿದು ಎರಡನೆಯದು ಅರ್ಧಕ್ಕೆ ಬಂದಿದೆ. ಕೈ ಬಿಗಿ ಹಿಡಿದು ಕಾಟಕಸರದ ಸಂಸಾರ ಹೇಗೆ ಮಾಡಬೇಕೆಂದು ನೀವೇ ಕಲಿಸಿದವರು, ನೋಡಿದರೆ ಮೆಚ್ಚುತ್ತೀರಿ. ಒಂದು ಎಳೆಯೂ ಪೋಲಾಗಿಲ್ಲ.

ಅಡಿಗೆಮನೆಯಲ್ಲಿ ಮಾತ್ರ ನನಗೆ ಕೆಲಸವಿಲ್ಲ. ಹಿಟ್ಟಿನ ಡಬ್ಬಿಗೆ ಅತ್ತೆಯವರು ಬೀಗ ಹಾಕಿದ್ದಾರೆ. ಮಗನಿಗೆ ಉಣಿಸುವವರೂ ಅವರೇ. ಅವರಿಗೆ ಕಣ್ಣಿನ ಪೊರೆ, ಬಾಯಿ ಯಾವುದು ಗಲ್ಲ ಯಾವುದು ತಿಳಿಯದೆ ತುತ್ತು ಅವನ ಕೆನ್ನೆಗೆ ಒರಸುತ್ತಾರೆ. ಅವನು ನನ್ನ ಕಡೆ ನೋಡಿ ಕೈ ಚಾಚುತ್ತಾನೆ. ನಾನು ಎರಡು ಮಾರು ದೂರ ನಿಂತು ನೋಡಬೇಕು. "ಓದಿದಾಕಿ ಕೈಯಾಗ ಕೂಸಿನ ಜೀವಾ ಕೊಟ್ಟು ಭಾಳ ತಪ್ಪ ಮಾಡಿದ್ವಿ. ಇನ್ನ ಮ್ಯಾಲೆ ಇವನ ಬಾಯಿಗೆ ಹೋಗೂ ತುತ್ತು ನನ್ನ ಕೈಯಿಂದಷ್ಟ" ಎಂದು ಅವರು ಬಸದಿಯಲ್ಲಿ ಎಲ್ಲರೆದುರು ಹೇಳಿದ್ದಾರೆ. ಇವರನ್ನು, ನಿಮ್ಮ ಮೈದುನನನ್ನು, ಕೇಳಿದರೆ, "ಕೂಸು ಉಳೀತಲ್ಲ, ಬಿಡ ಇನ್ನ" ಎಂದು ಮಗ್ಗದ ಕಡೆ ಹೊರಡುತ್ತಾರೆ. ನಾನು ಬಿಡುವುದಿಲ್ಲ.

ಆ ದಿನ ನಿಮಗೆ ನೆನಪಿರಬೇಕು. ನೆನಪಿಲ್ಲದಿದ್ದರೆ ನಾನು ನೆನಪು ಮಾಡಿಕೊಡುತ್ತೇನೆ. ಪ್ರತಿವರ್ಷದಂತೆ ಹೋಳಿ ಹುಣ್ಣಿಮೆಯ ಮುಂಚೆ ನೀವು ಬಂದಿರಿ. ಎರಡೂ ಮನೆಯ ಹಪ್ಪಳ, ಶಾವಿಗೆ, ಸಂಡಿಗೆ ಒಂದೇ ಅಂಗಳದಲ್ಲಿ, ಒಂದೇ ಒಲೆಯ ಕಟ್ಟಿಗೆಯಲ್ಲಿ ಆಗಲಿ ಎಂದು ಮಾವನವರು ಇದ್ದಾಗಲೇ ಹಾಕಿಕೊಟ್ಟ ಪದ್ಧತಿ. ಒಂದೇ ಅಚ್ಚಿನ ಎರಡು ಹಿತ್ತಾಳೆ ಹಂಡೆ ತಂದು, ಎರಡಕ್ಕೂ 'ಆಬಾಸಾಹೇಬ' ಎಂದು ತಮ್ಮ ಹೆಸರು ಕೆತ್ತಿಸಿ, ಹಿರಿಯ ಮಗನ ಮನೆಗೊಂದು ಕಿರಿಯ ಮಗನ ಮನೆಗೊಂದು ಕೊಟ್ಟವರೂ ಅವರೇ. ನೀವು ನಿಮ್ಮ ಹಂಡೆಯನ್ನೂ ತಂದಿರಿ. ಕಲಾಯಿಗಾರ ಬಾಬಾಲಾಲನನ್ನು ಹಿತ್ತಿಲಿಗೆ ಕರೆಸಿ ಎರಡರ ಒಳಗೂ ತವರದ ಕಲಾಯಿ ಮಾಡಿಸಿದವರು ನೀವು. ನಾನು ಕೂಸಿಗೆ ಎಣ್ಣೆ ಹಚ್ಚುತ್ತಿದ್ದೆ. ಹೊರಗೆ ಬಂದು ನೋಡಿದಾಗ ಎರಡು ಹಂಡೆಗಳ ಕೊರಳೂ ಹಾಲಿನಂತೆ ಬೆಳ್ಳಗಿದ್ದವು. ಬಗ್ಗಿ ತಳ ನೋಡಬೇಕೆಂದು ಅನ್ನಿಸಲಿಲ್ಲ.

ಹಪ್ಪಳದ ಖಾರದ ನೀರು ನಿಮ್ಮ ಹಂಡೆಯಲ್ಲಿ, ಮಜ್ಜಿಗೆ ಹಾಕಿದ ಸಂಡಿಗೆ ಹಿಟ್ಟು ನಮ್ಮ ಹಂಡೆಯಲ್ಲಿ ಎಂದು ಹಂಚಿದವರೂ ನೀವೇ. ಹುಣ್ಣಿಮೆ ಕಳೆದ ವಾರದಲ್ಲಿ, ಸಂಡಿಗೆಯ ದಿನ, ಬೆಳಿಗ್ಗೆ ಬೇಯಿಸಿದ ಹಿಟ್ಟು ಮಧ್ಯಾಹ್ನದ ತನಕ ಅದರಲ್ಲೇ ಕೂತಿತ್ತು. ಧೋತರ ಹಾಸಿ ಸಂಡಿಗೆ ಇಡುವಾಗ ಕುಂಥು ಅಂಬೆಗಾಲಿಟ್ಟು ಬಂದ. "ಬಾರೋ ನನ್ನ ರಾಜಾ, ದೊಡ್ಡವ್ವನ ಕೈಯಿಂದ ಎರಡ ತುತ್ತು ತಿನ್ನು" ಎಂದು ತಳದ ಹಿಟ್ಟು ಕೆರೆದು ಉಣಿಸಿದಿರಿ. ಸ್ವಲ್ಪ ಹಸಿರು ಕಾಣುತ್ತದಲ್ಲ ಎಂದು ನಾನು ಕೇಳಿದೆ. "ಕೊತ್ತಂಬರಿ ಬಿದ್ದೈತಿ, ತಗೋ" ಎಂದಿರಿ. ಒಂದು ತಾಸಿಗೆಲ್ಲ ಅವನು ಹಸಿರು ಕಾರಿದ. ಮೂರು ದಿನ ಕಾರಿದ. ಮೂರನೆಯ ದಿನ ಅಳುವ ಶಕ್ತಿ ಇಲ್ಲದೆ ಬರೀ ತುಟಿ ಅಲ್ಲಾಡಿಸುತ್ತಿದ್ದ. ನಾನು ಕೊಲ್ಹಾಪುರದ ಕಾಲೇಜಿನಲ್ಲಿ ರಸಾಯನ ಓದಿದವಳು, ಯಾವ ಪದವಿಯಾದರೂ ನಿಮಗೆಲ್ಲ ಬೀಯೇ. ಹುಳಿ ತಾಗಿದರೆ ತಾಮ್ರ, ಹಿತ್ತಾಳೆ ಹಸಿರು ವಿಷ ಬಿಡುತ್ತವೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು. ಮಗನ ಬಾಯಿಂದ ಅದೇ ಹಸಿರು ಬಂದಾಗ ಗುರುತು ಹಿಡಿಯಲಿಲ್ಲ. ಈ ತಪ್ಪಿಗೆ ನನ್ನನ್ನು ನಾನೇ ದಂಡಿಸಿಕೊಳ್ಳುತ್ತಿದ್ದೇನೆ, ಅದಕ್ಕೆ ನಿಮ್ಮ ಸಹಾಯ ಬೇಡ.

ಇನ್ನೊಂದು ತಪ್ಪೂ ನನ್ನದೇ, ಅದನ್ನು ಮುಚ್ಚಿಡುವುದಿಲ್ಲ. ಆ ಬೆಳಿಗ್ಗೆ ಅವನಿಗೆ ಕಾಯಿಸಿದ ಗಂಜಿ ಏಳನೆಯ ದಿನದ ಹಿಟ್ಟಿನದು. ಚಳಿಗಾಲದಲ್ಲಿ ಬೀಸಿದ ಹಿಟ್ಟು ಉಣ್ಣುವ ಮರ್ಯಾದೆ ಏಳು ದಿನ, ಹೋಳಿ ಹುಣ್ಣಿಮೆ ದಾಟಿದರೆ ಐದೇ ದಿನ. ನಮ್ಮ ಜೈನರ ಮನೆಯಲ್ಲಿ ಅದು ಪುಟ್ಟ ಹುಡುಗಿಗೂ ಗೊತ್ತು. ನಾನು ಹುಣ್ಣಿಮೆಯ ದಿನ ಬೀಸಿ ಹಳೆಯ ಎಣಿಕೆಯಲ್ಲೇ ಇದ್ದೆ. ಅತ್ತೆಯವರು ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಏನು ತಿಂದಿತ್ತು, ಏನು ತಿಂದಿತ್ತು ಎಂದು ಕೇಳುವಾಗ ನೀವು ಸಂಡಿಗೆಯ ಹೆಸರು ಎತ್ತಲಿಲ್ಲ. ಹಿಟ್ಟಿನ ಡಬ್ಬಿ ತಂದು ಅವರ ಮುಂದೆ ಇಟ್ಟಿರಿ. "ಹುಣ್ಣಿವಿ ಆತಂದ್ರ ಹಿಟ್ಟು ಐದ ದಿನದ್ದು ಅತ್ತೀ. ಬೀಯೇ ಆದಾಕಿಗೆ ಐದರ ತನಕ ಎಣಸಾಕ ಬರೂದಿಲ್ಲೇನು" ಎಂದಿರಿ. ಎಲ್ಲರೂ ನಕ್ಕರು, ಕೂಸು ಕಾರುತ್ತಿರುವಾಗಲೇ. ಈಗ ಬಸದಿಯ ಮೆಟ್ಟಿಲು ಹತ್ತಿದರೆ ಓಣಿಯ ತಾರವ್ವ ಪಕ್ಕದವರ ಮೊಳಕೈ ತಿವಿದು "ಏಳ ದಿನದ ಬೀಯೇ ಬಂದ್ಲ ನೋಡ" ಎನ್ನುತ್ತಾಳೆ. ಪ್ರಾಯಶ್ಚಿತ್ತವೆಂದು ಬಸದಿಯಲ್ಲಿ ಒಂದು ತಿಂಗಳು ತುಪ್ಪ ಮುಟ್ಟದಿರುವ ನಿಯಮ ಕೊಟ್ಟಿದ್ದಾರೆ. ಹಿಟ್ಟಿಗೆ ಐದು ದಿನವಾದರೂ ಮರ್ಯಾದೆ ಇದೆ. ನೀವು ನನಗೆ ಒಂದು ದಿನದ್ದೂ ಉಳಿಸಲಿಲ್ಲ.

ಡಬ್ಬಿ ತಂದಿಟ್ಟ ದಿನದ ಸಂಜೆಯೇ ನೀವು ಸೆರಗು ಸಿಕ್ಕಿಸಿಕೊಂಡು ಬೂದಿ ಹುಣಸೆ ಹಾಕಿ ನಮ್ಮ ಹಂಡೆಯನ್ನು ತಿಕ್ಕಿದಿರಿ. ಹಿರಿಯ ಸೊಸೆ ಆಳಿನ ಕೆಲಸ ಮಾಡುತ್ತಾಳೆ ಎಂದು ಅತ್ತೆಯವರು ಕಣ್ಣೀರು ತಂದುಕೊಂಡರು. ನಾನೂ ನಿಮ್ಮ ಕಾಲು ಮುಟ್ಟಿದೆ, ಅಕ್ಕಾ. ಮುಟ್ಟಿದ ಕೈಯನ್ನು ಈಗ ಏನು ಹಾಕಿ ತಿಕ್ಕಲಿ, ನೀವೇ ಹೇಳಿ.

ಯಾಕೆಂದರೆ ಮೊನ್ನೆ, ಇಂದಿಗೆ ನಾಲ್ಕು ದಿನದ ಹಿಂದೆ, ಬಾಬಾಲಾಲ ತಿದಿ ಹೊತ್ತು ಓಣಿಯಲ್ಲಿ ಹೋಗುತ್ತಿದ್ದ. ಮನೆಯಲ್ಲಿದ್ದ ಹಂಡೆಯನ್ನು ಒಮ್ಮೆ ನೋಡಲಿ ಎಂದು ಒಳಗೆ ಕರೆದೆ. ಅವನು ಕೈ ಹಾಕಿ ತಳ ಸವರಿದ, ಕೈ ಹೊರಗೆ ತೆಗೆದ, ನನ್ನ ಮುಖ ನೋಡಿದ. ನಾನು ಕೂಸಿನ ಕಥೆ ಹೇಳಿದೆ. ಮುದುಕ ತಿದಿ ಇಳಿಸಿ ಕಟ್ಟೆಯ ಮೇಲೆ ಕೂತ. "ಕಾಯ ಸಾಂಗೂ ತಾಯಿ, ಏನ ಹೇಳಲಿ. ಲಡಾಯಿ ಸಲುವಾಗಿ ತವರಾ ಔಷಧಕ್ಕೂ ಸಿಗವಲ್ದು. ನನ್ನ ಹಂತೇಲೆ ಇದ್ದದ್ದ ಒಂದ ತುಂಡು. ಎರಡ ಹಂಡೇಕ್ಕ ಸಾಲೂದಿಲ್ಲರೀ ಅಂದೆ. ನಿಮ್ಮ ನೆಗೆಣ್ಣಿ ಹಿರೇ ಬಾಯಿ ಅಂದ್ರು, ನಂದು ತಳದತನಕ ಮಾಡು, ಈ ಮನೀದು ಕೊರಳತನಕ ಮಾಡು, ಬೆಳ್ಳಗ ಕಂಡ್ರ ಸಾಕು ಅಂತ. ಹುಳಿ ಹಾಕಬ್ಯಾಡ್ರಿ ಅಂತ ನಾ ಹೇಳೀನ್ರಿ, ಖರೇನ ಹೇಳೀನಿ."

ಅವನು ಹೇಳಿದ್ದ. ನೀವು ಕೇಳಿದ್ದಿರಿ. ಕೇಳಿಯೂ ಮಜ್ಜಿಗೆಯ ಹಿಟ್ಟನ್ನು ನಮ್ಮ ಹಂಡೆಗೆ ಹಾಕಿದಿರಿ, ಏಕೆಂದರೆ ನಿಮ್ಮ ಹಂಡೆಯ ಹೊಸ ಕಲಾಯಿ ಸವೆಯಬಾರದು. ನಮ್ಮ ತಳಕ್ಕೆ ಸೇರಬೇಕಾದ ತವರ ನಿಮ್ಮ ತಳದಲ್ಲಿದೆ. ನಿಮ್ಮ ಕಾಟಕಸರವನ್ನು ಊರೆಲ್ಲ ಹೊಗಳುತ್ತದೆ, ಅದನ್ನು ನನ್ನ ಮಗನ ಕರುಳಿನಿಂದ ಎತ್ತಿದ್ದೀರಿ ಎಂದು ಯಾರಿಗೂ ಗೊತ್ತಿಲ್ಲ. ಅತ್ತೆಯವರ ಮುಂದೆ ಹೇಳು ಎಂದರೆ ಮುದುಕ ಎರಡೂ ಕೈ ಮುಗಿದ, "ಎರಡೂ ಮನೀ ಅನ್ನ ಉಂಡೀನ್ರಿ ತಾಯಿ, ನನ್ನ ನಡಬರಕ ತರಬ್ಯಾಡ್ರಿ" ಎಂದ. ಹೇಳಿದರೂ ಅತ್ತೆಯವರು ಕಲಾಯಿಗಾರನ ಮಾತಿಗೆ ಹಿರಿಯ ಸೊಸೆಯನ್ನು ಬಿಟ್ಟುಕೊಡುವವರಲ್ಲ. ಅದು ನಿಮಗೂ ಗೊತ್ತು.

ಆದ್ದರಿಂದ ನೀವೇ ಬರಬೇಕು. ಜಯಂತಿ ಮುಗಿದ ಮರುದಿನದ ಮೋಟಾರಿಗೆ ಬನ್ನಿ. ಬಸದಿಯಲ್ಲಿ, ತಾರವ್ವ ಕುಳಿತಿರುವ ಹೊತ್ತಿನಲ್ಲಿ, ಅತ್ತೆಯವರ ಕೈ ಹಿಡಿದುಕೊಂಡು, ಕೊರಳತನಕ ಎಂಬ ಮಾತನ್ನು ನಿಮ್ಮ ಬಾಯಿಂದಲೇ ಹೇಳಿ. ತುಪ್ಪ ಬಿಟ್ಟು ಹದಿನಾರು ದಿನ ನಾನು ಕಳೆದಿದ್ದೇನೆ. ಎರಡು ದಿನ ನನ್ನ ಹಿಟ್ಟಿನ ತಪ್ಪಿಗೆ ಸಾಕಿತ್ತು. ಉಳಿದ ಹದಿನಾಲ್ಕು ನಿಮ್ಮವು, ನಿಮ್ಮ ತಟ್ಟೆಯಲ್ಲಿ ಕಳೆಯಿರಿ. ಬರದಿದ್ದರೆ ನಾನು ಬರುತ್ತೇನೆ. ಮಗನನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದು ನಿಮ್ಮ ಪಡಸಾಲೆಯಲ್ಲಿ ಕೂರುತ್ತೇನೆ. ಬಂದವರೆಲ್ಲ ಕೂಸು ಯಾಕೆ ಇಷ್ಟು ಸಣ್ಣಗಾಗಿದೆ ಎಂದು ಕೇಳುತ್ತಾರೆ. ನಾನು ಉತ್ತರ ಕೊಡುವುದಿಲ್ಲ, ನಿಮ್ಮ ಕಡೆ ನೋಡುತ್ತೇನೆ. ಎಷ್ಟು ದಿನ ಬೇಕಾದರೂ ನೋಡುತ್ತೇನೆ, ನನಗೆ ನಿದ್ದೆಯ ಅಡ್ಡಿ ಇಲ್ಲ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸಿರಿ. ಜಿನ್ನಿಗೆ ನನ್ನ ಮುತ್ತು. ಅವಳು ನೂರು ವರ್ಷ ಗಟ್ಟಿಯಾಗಿ ಬಾಳಲಿ, ಇದನ್ನು ಮಾತ್ರ ಮನಸ್ಸಿನಿಂದ ಬರೆದಿದ್ದೇನೆ.

ನಿಮ್ಮ
ಶಾಲನ ಪದ್ಮಕುಮಾರ

ತಾ.ಕ. ಅಕ್ಕಾ, ಕೈರಿ ಪಾನಕ ಮಾಡಬೇಡಿ. ಬಾಬಾಲಾಲ ನಮ್ಮ ಮನೆಯ ಹಂಡೆಯಲ್ಲಿ ಕೈ ಹಾಕಿ ಮೊದಲು ಹೇಳಿದ ಮಾತನ್ನು ನಾನು ಮೇಲೆ ಬರೆದಿಲ್ಲ. "ಇದರ ತಳಾ ಮಾಡೀನಲ್ಲರೀ. ಇದು ನಿಮ್ಮದಲ್ಲ, ಹಿರೇ ಬಾಯೀದು" ಎಂದ. ನೀವು ಹೊರಡುವ ದಿನ ಎರಡೂ ಹಂಡೆ ಕಟ್ಟೆಯ ಮೇಲೆ ಬೋರಲು ಬಿದ್ದಿದ್ದವು, ಅತ್ತೆಯವರು ಪೊರೆಗಣ್ಣಿನಲ್ಲಿ ಕೈಗೆ ಸಿಕ್ಕಿದ್ದಕ್ಕೆ ಹಪ್ಪಳ ತುಂಬಿ ಬಾಯಿ ಕಟ್ಟಿಕೊಟ್ಟರು. ಕೊರಳತನಕದ್ದು ನಿಮ್ಮ ಮನೆಯಲ್ಲಿದೆ. ಒಣ ಹಪ್ಪಳಕ್ಕೆ ಏನೂ ಆಗಿರುವುದಿಲ್ಲ, ಹುಳಿ ಮಾತ್ರ ತಾಗಿಸಬೇಡಿ. ನೀವು ತಳ ನೋಡದೆ ಜಿನ್ನಿಗೆ ಮೊದಲ ಲೋಟ ತುಂಬಿಕೊಡುತ್ತಿದ್ದಿರಿ. ನಾನೂ ನೋಡಿರಲಿಲ್ಲವಲ್ಲ. ನಾನು ಸುಮ್ಮನಿದ್ದಿದ್ದರೆ ಜಯಂತಿಯ ತ್ರಯೋದಶಿಯ ದಿನ ನಿಮ್ಮ ಊರಿನವರೆಲ್ಲರ ಎದುರು ನನ್ನ ಹೆಸರಿನ ಕಲೆ ತೊಳೆದು ಹೋಗುತ್ತಿತ್ತು. ನಾಲ್ಕು ದಿನ ಸುಮ್ಮನಿದ್ದೆ, ಅದನ್ನೂ ತಿಳಿದುಕೊಳ್ಳಿ. ನನ್ನ ಹತ್ತಿರ ಇದ್ದ ಸಾಕ್ಷಿ ಆ ತಳ ಒಂದೇ. ಈಗ ನೀವು ಬೇಕಾದರೆ ಅದಕ್ಕೆ ಕಲಾಯಿ ಮಾಡಿಸಿ ಮುಚ್ಚಬಹುದು, ಬೇಕಾದರೆ ಇದ್ದ ಹಾಗೆಯೇ ರಾಯಪ್ಪನ ತಲೆಯ ಮೇಲೆ ಹೊರಿಸಿ ಕಳಿಸಬಹುದು, ಅತ್ತೆಯವರು ಕಣ್ಣಿಂದ ಕಾಣದಿದ್ದರೂ ಕೈಯಿಂದ ಸವರಿ ನೋಡಬಲ್ಲರು. ಅವನು ಬರಿಗೈಯಲ್ಲಿ ಬಂದರೂ ನನಗೆ ಅದು ಉತ್ತರವೇ. ಈ ಮಾತನ್ನು ಮೊದಲ ಸಾಲಿನಲ್ಲೇ ಬರೆಯಬಹುದಿತ್ತು. ನನ್ನ ಮಗ ಮೂರು ದಿನ ನರಳಿದ, ನೀವು ನಾಲ್ಕು ಪುಟ ಓದಿದಿರಿ. ನನ್ನ ಕಾಟಕಸರ ಇಷ್ಟೇ.