ಕರಿಹಲಗೆಯಿಂದ ಅಳಿಸಿದ ಒಂದು ಸಾಲು

ಮಾನ್ಯ ವೇಳಾಪಟ್ಟಿ ಅಧಿಕಾರಿಗಳೇ,

ಕಳೆದ ಗುರುವಾರ ಕಫ್ರ್ ನಬ್ಕ್ ನಿಲ್ದಾಣದ ಕರಿಹಲಗೆಯಿಂದ ಒಂದು ಸಾಲನ್ನು ನನ್ನ ಸ್ವಂತ ಕರವಸ್ತ್ರದಿಂದ ಅಳಿಸಿದೆನೆಂದು ಸ್ವಸ್ಥಚಿತ್ತನಾಗಿ ತಪ್ಪೊಪ್ಪಿಕೊಳ್ಳುತ್ತೇನೆ. ಆದರೆ ಆರು ರೈಲುಗಳಲ್ಲಿ ನಾಲ್ಕನ್ನು ಅಳಿಸಿದ ನಿಮ್ಮ ಮುಂದೆ ನಾನೆಷ್ಟರವನು? ನಿಮ್ಮದು ಸುಧಾರಣೆ, ನನ್ನದು ಅಪರಾಧ.

ಉಳಿದೆರಡರ ನಡತೆಯನ್ನಾದರೂ ಕೇಳಿ. ಎರಡು ಹತ್ತರ ರೈಲು ಮೂರಕ್ಕೆ ಬಂದರೆ, ಇಷ್ಟು ಬೇಗ ಏಕೆ ಬಂತೆಂದು ಊರು ಗಾಬರಿಯಾಗುತ್ತದೆ. ಹೀಗಾಗಿ ನಮ್ಮಲ್ಲಿ ಯಾರೂ ಗಡಿಯಾರ ನೋಡಿ ಹೊರಡುವುದಿಲ್ಲ. ಹಿಂದಿನ ನಿಲ್ದಾಣದಲ್ಲಿರುವ ತನ್ನ ಭಾವಮೈದ ಫೋನಿನಲ್ಲಿ "ಹೊರಟಿತು" ಎಂದರೆ, ಕಾಲುವೆಯಾಚೆ ಚಹಾದಂಗಡಿಯ ಶಹಾತ ಲೋಟ ಬಡಿಯುತ್ತಾನೆ, ಜನ ಏಳುತ್ತಾರೆ. ಭೂಗೋಳದ ಮೇಷ್ಟ್ರಾದ ನನಗೆ ಆ ಲೋಟವೂ ಬೇಕಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ನಿಮ್ಮ ರೈಲು ಒಮ್ಮೆಯೂ ನನ್ನನ್ನು ಬಿಟ್ಟು ಹೋಗಿರಲಿಲ್ಲ. ಅದರ ಸೋಮಾರಿತನ ನನಗೆ ಬಾಯಿಪಾಠ.

ಆ ಗುರುವಾರ ಝಗಾಝೀಗ್ ಪಟ್ಟಣದಲ್ಲಿ, ತೀರಿಹೋದ ನನ್ನ ಅಣ್ಣನ ಮಗಳು ರಬಾಬಳ ಮದುವೆಯ ಮಾತುಕತೆ. ವರನ ತಂದೆಯೊಡನೆ ಫಾತಿಹಾ ಪ್ರಾರ್ಥನೆ ಓದಿ ಸಂಬಂಧ ಗಟ್ಟಿಮಾಡಬೇಕಾದವನು ನಾನು. ಸಿಕ್ಕ ವ್ಯಾನು ಹತ್ತಿ ಮುಟ್ಟಿದಾಗ ಸಂಜೆ ಆರು. ಅಣ್ಣನ ಕುರ್ಚಿಯಲ್ಲಿ ಕೆಳಮನೆಯ ಕ್ಷೌರಿಕ ಕುಳಿತು, ಫಾತಿಹಾವನ್ನೂ ಮುಗಿಸಿದ್ದ, ಶರಬತ್ತನ್ನೂ ಮುಗಿಸಿದ್ದ.

"ಹೆಣ್ಣಿನ ಕಡೆ ಹಿರಿಯರು ಅಂತ ಯಾರೂ ಇಲ್ವಾ ಅಂದ್ರು ಬೀಗರು," ಎಂದರು ಅತ್ತಿಗೆ. "ಇದ್ದಾರೆ, ದಾರೀಲಿದ್ದಾರೆ ಅಂದೆ. ಮೂರು ಸಲ ಅಂದೆ."

"ರೈಲು, ಅತ್ತಿಗೆ..."

ರಬಾಬ್ ನನ್ನ ಪರ ಸಿಡಿದಳು. "ಚಿಕ್ಕಪ್ಪನ್ನ ಯಾಕಮ್ಮ ಅಂತೀಯ? ಆ ಹಾಳು ರೈಲಿಗೆ ಅನ್ನು! ಚಿಕ್ಕಪ್ಪ, ಸುಮ್ನೆ ಬಿಡ್ಬೇಡಿ. ಪೇಪರಿಗೆ ಬರೀರಿ, ಊರೆಲ್ಲ ಓದ್ಲಿ."

ಬರೆದಿದ್ದೇನೆ. ನಾಲ್ಕು ರೈಲುಗಳನ್ನು ಹಿಂದಿರುಗಿಸಿ. ಉಳಿದೆರಡು ರೈಲುಗಳು ಪ್ರತಿದಿನವೂ ಸಮಯಕ್ಕೆ ಬರಲಿ. ವರ್ಷಕ್ಕೊಮ್ಮೆ ಸಜ್ಜನಿಕೆ ತೋರಿಸಿ ಸಂಸಾರಗಳ ಮಾನ ಕಳೆಯದಿರಲಿ. ಮುಂದಿನ ತಿಂಗಳು ನಿಕಾಹ್. ಕ್ಷೌರಿಕನಿಗಿಂತ ಮೊದಲು ನನ್ನನ್ನು ಅಲ್ಲಿಗೆ ಮುಟ್ಟಿಸಿ.

ಇನ್ನು ಆ ಸಾಲು. ನನ್ನ ಪರ ಜಗಳವಾಡಿದ ಹುಡುಗಿಯೂ ಓದುವ ಪತ್ರವಿದು, ಹೇಳಿಬಿಡುತ್ತೇನೆ. ಅಂದು ಮೂರಕ್ಕೆ ನಿಲ್ದಾಣ ಸೇರಿದಾಗ ಹಲಗೆಯ ಮೇಲೆ ಸ್ಟೇಷನ್ ಮಾಸ್ತರರು ಹೆಮ್ಮೆಯಿಂದ ಬರೆದಿದ್ದರು: "ಎರಡು ಹತ್ತರ ರೈಲು ಸಮಯಕ್ಕೆ ಸರಿಯಾಗಿ ಬಂದು ಹೋಯಿತು."

ಶಹಾತ ಲೋಟ ಬಡಿದಿದ್ದ. "ಮೇಷ್ಟ್ರೇ, ಬಂತು, ಏಳಿ!" ಎಂದು ಕೂಗಿಯೂ ಇದ್ದ.

"ನಂಗೇ ಪಾಠ ಹೇಳ್ತೀಯೇನೋ? ಇನ್ನೊಂದು ಚಹಾ ಹಾಕು," ಎಂದಿದ್ದೆ.

ಇಂತಿ,
ತಲೆ ತಗ್ಗಿಸಿದ, ಕರವಸ್ತ್ರ ಇನ್ನೂ ಒಗೆಯದ
ಲಬೀಬ್ ಅಬ್ದುಲ್ ಹಾದಿ