ಬಂಡೆಗಳೂ ತೊದಲಿದವು

ಹಿರಿಯೂರು
ಆನಂದ ಸಂವತ್ಸರ, ಮಾಘ ಶುದ್ಧ ದಶಮಿ, ಸೋಮವಾರ
೨೫-೧-೧೯೧೫

ಗೆಳೆಯನೂ ಭಾವನೂ ಆದ ಮುರುಗೇಶಪ್ಪನಿಗೆ ಏಕಾಂತಪ್ಪನ ಶರಣು.

ನಾವಿಲ್ಲಿ ಎಲ್ಲರೂ ಕ್ಷೇಮ. ನಿಮ್ಮಲ್ಲಿ ಅತ್ತೆ ಕೊಟ್ರಮ್ಮನವರ ಕಾಲುನೋವು ಈ ಚಳಿಗೆ ಹೆಚ್ಚಾಗಿಲ್ಲ ಎಂದುಕೊಂಡಿದ್ದೇನೆ. ಹೆಚ್ಚಾಗಿದ್ದರೆ ಗಾಡಿಯವನ ಕೈಲಿ ಹೇಳಿ ಕಳಿಸು, ಗಾಣದಿಂದ ಆಗತಾನೆ ಇಳಿದ ಕೊಬ್ಬರಿ ಎಣ್ಣೆ ಕಳಿಸುತ್ತೇನೆ. ನಿನ್ನ ಎರಡು ಕಾಗದವೂ ಬಂದು ಮುಟ್ಟಿದವು. ಉತ್ತರ ತಡವಾಯಿತು, ಮನ್ನಿಸು. ಮಂಡಿಯಲ್ಲಿ ಕೊಬ್ಬರಿ ವ್ಯಾಪಾರ ಜೋರು, ಕೈಗೆ ಬಿಡುವಿಲ್ಲ ಎಂದು ಹೇಳಬಹುದಿತ್ತು. ಆದರೆ ನಿನಗೆ ನೆಪ ಹೇಳಿ ನನಗೆ ಅಭ್ಯಾಸವಿಲ್ಲ. ನಾನು ಮಾತಿಗೆ ತಡಮಾಡುವವನು, ಬರವಣಿಗೆಗೆ ತಡಮಾಡುವವನಲ್ಲ. ಇದು ನಿನಗೆ ಗೊತ್ತಿದ್ದಷ್ಟು ನಿಮ್ಮೂರಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ. ಈಗ ದುರ್ಗಕ್ಕೆ ದುರ್ಗವೇ ತಿಳಿದುಕೊಂಡಿದೆ.

ನಿನ್ನ ಎರಡನೆಯ ಕಾಗದದಲ್ಲಿ ಕೇಳಿದ್ದೀಯೆ: ಮಗು ಪಾರಿಗೆ ಕಿವಿ ಚುಚ್ಚಿಸುವುದು ಯಾವತ್ತು, ಕಿವಿಗೆ ಹಾಕಲು ಚಿನ್ನದ ಮುರು ಮಾಡಿಸಿ ಇಟ್ಟಿದ್ದೇನೆ, ಸೋದರಮಾವ ತೊಡೆ ಕೊಡದೆ ಶಾಸ್ತ್ರ ಆಗುತ್ತದೆಯೇ ಎಂದು. ಅದಕ್ಕೆ ಉತ್ತರ ಕೊನೆಯಲ್ಲಿ ಹೇಳುತ್ತೇನೆ. ಮೊದಲನೆಯ ಕಾಗದದ ಮಾತಿಗೆ ಮೊದಲು ಬರೋಣ. ‘ಆಟದ ಉಮೇದಿನಲ್ಲಿ ಏನೋ ಒಂದು ಮಾತು ಬಂತು, ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ’ ಎಂದು ಬರೆದಿದ್ದೀಯಲ್ಲ. ಮುರುಗೇಶ, ನೀನು ಆ ಗುಂಪಿನೊಳಗಿದ್ದೆ. ನಿನಗೆ ಕೇಳಿಸಿದ್ದು ನಿನ್ನ ಗಂಟಲು ಮಾತ್ರ. ನಾನು ಎದುರಿಗಿದ್ದೆ. ನನಗೆ ಕೇಳಿಸಿದ್ದು ಏನೆಂದು ಹೇಳುತ್ತೇನೆ, ಎಲೆಯಡಿಕೆ ಹಾಕಿಕೊಂಡು ಕೂತು ಕೇಳು.

ದೀಪಾವಳಿ ಕಳೆದ ಭಾನುವಾರ ನಿಮ್ಮೂರಿಗೂ ನಮ್ಮೂರಿಗೂ ಫುಟ್ಬಾಲ್ ಪಂದ್ಯವಾಯಿತು. ಹಿಂದಿನ ರಾತ್ರಿಯೆಲ್ಲ ಎತ್ತಿನ ಗಾಡಿಯಲ್ಲಿ ಕುಲುಕಾಡಿಕೊಂಡು ಬಂದ ನಾವು ಕೋಟೆಯ ಕೆಳಗಿನ ಬಯಲಿಗೆ ಕಾಲಿಟ್ಟಾಗ, ನಿಜ ಹೇಳುತ್ತೇನೆ, ನನಗೆ ಖುಷಿಯೇ ಆಯಿತು. ಬಯಲಿನ ಸುತ್ತ ಜನ, ಬಂಡೆಗಳ ಮೇಲೆ ಜನ, ಆ ಬಂಡೆಗಳ ಮೇಲಿನ ಬಂಡೆಗಳಿಗೂ ಜನ ಅಂಟಿಕೊಂಡಿದ್ದರು. ತಮಟೆ, ಉರುಮೆ, ಜೊತೆಗೆ ದೇವರ ಉತ್ಸವಕ್ಕೆಂದು ಎತ್ತಿಟ್ಟ ಕಹಳೆ ಕೂಡ ಬಂದಿತ್ತು. ಕಹಳೆ ಊದಿದರೆ ಅದು ಬೆಟ್ಟಕ್ಕೆ ಬಡಿದು ಎರಡು ಸಲ ತಿರುಗಿ ಬರುತ್ತಿತ್ತು.

“ಹಿರಿಯೂರ ಕೊಬ್ಬರಿ ಗಿಟುಕು ಬಂದ್ವು ಕಣ್ರಲೇ!” ಎಂದು ಒಬ್ಬ ಕೂಗಿದ.

“ಅದು ತೆಂಗಿನಕಾಯಿ ಅಲ್ರಪ್ಪೋ, ಚೆಂಡು! ಸುಲಿಯಾಕೆ ಹೋಗಬ್ಯಾಡ್ರಿ!” ಎಂದ ಇನ್ನೊಬ್ಬ.

ನಮ್ಮ ಅಂಜನಪ್ಪ ಬಲ್ಲೆಯಲ್ಲ, ನನ್ನ ಮುಂದೆಯೇ ನಿಂತು ಆಡುವವನು, ನಮ್ಮ ಮಂಡಿಯಲ್ಲೇ ಕಾಯಿ ಸುಲಿಯುವವನು. ಅವನು ಸುಮ್ಮನಿರುವ ಗಿರಾಕಿಯೇ? “ತಲೆ ತಂದ್ಕೊಡ್ರಿ, ಅದನ್ನೂ ಸುಲಿದು ಜುಟ್ಟು ಬಿಟ್ಟು ಕೊಡ್ತೀನಿ!” ಎಂದ. ಬಂಡೆಯ ಮೇಲಿದ್ದ ಒಬ್ಬ ಅಜ್ಜಿ ನನ್ನನ್ನು ಗುರುತು ಹಿಡಿದು, “ಏನಪ್ಪ ಅಳಿಯ, ಹೆಂಡ್ತಿ ತವರಿಗೆ ಬಂದು ಬಾಗ್ಲಾಗೆ ನಿಂತ್ಕಂಡಿಯಲ್ಲೋ! ಒಳಗ್ ಬಾ, ಕುಂತ್ಕ!” ಎಂದಳು. ಬಯಲೆಲ್ಲ ನಕ್ಕಿತು. ಗೋಲಿನ ಬೊಂಬು ಹಿಡಿದುಕೊಂಡು ನಾನೂ ನಕ್ಕೆ. ಆಟಕ್ಕೆ ಇದು ಉಪ್ಪು. ಮದುವೆಯಲ್ಲಿ ಬೀಗರನ್ನು ಹಾಡಿ ಹಂಗಿಸಿದರೆ ಬೀಗರು ಊಟ ಬಿಟ್ಟು ಏಳುತ್ತಾರೆಯೇ?

ನೀನು ದೊಡ್ಡ ಗುಂಡಿನ ಮೇಲೆ ನಿಂತಿದ್ದೆ. ಕಾಲು ಉಳುಕಿ ಆಟ ಬಿಟ್ಟ ಮೇಲೆ ದುರ್ಗದ ಕೂಗಿಗೆಲ್ಲ ನೀನೇ ಯಜಮಾನ. ನಿನ್ನ ಹೆಗಲ ಮೇಲೆ ನನ್ನ ಪಾರಿ ಕೂತಿದ್ದಳು. ದಾಕ್ಷಾಯಣಿ ಹಬ್ಬಕ್ಕೆ ತವರಿಗೆ ಬಂದಿದ್ದಳಲ್ಲ. ಮೂರು ವರ್ಷದ ಮಗು, ನಿನ್ನ ರುಮಾಲು ಹಿಡಿದುಕೊಂಡು ನನಗೆ ಕೈ ಬೀಸಿತು. ಶತ್ರುಗಳ ಗುಂಪಿನಲ್ಲಿ ನನ್ನದೂ ಒಂದು ತುಣುಕು ಕೂತಿದೆ ಎಂದು ನನಗೆ ಧೈರ್ಯ ಬಂತು. ನನ್ನ ದಡ್ಡತನ ನೋಡು.

ಗೋಲು ಕಾಯುವವನು ಮುಂದಿನವರಿಗೆ ಕೂಗಿ ಹೇಳಬೇಕು. ‘ಬಿಡು’ ಎಂದರೆ ಚೆಂಡು ನನಗೆ. ‘ಹೊಡಿ’ ಎಂದರೆ ನೀನೇ ಒದ್ದು ಆಚೆಗೆ ಕಳಿಸು. ಇಷ್ಟೇ ಮಾತು. ಆದರೆ ‘ಬ’ ಎಂಬ ಅಕ್ಷರ ಬಂದರೆ ನನ್ನ ತುಟಿಗೆ ಅಗುಳಿ ಬೀಳುತ್ತದೆ. ತುಮಕೂರಿನಲ್ಲಿ ನಾವಿಬ್ಬರೂ ಒಂದೇ ಬಿಡಾರದಲ್ಲಿದ್ದು ಹೈಸ್ಕೂಲು ಓದುವಾಗ ಇದಕ್ಕೆ ಉಪಾಯ ಹುಡುಕಿದವನು ಯಾರು? ನೀನು. “ಬಾಯಿ ಬ್ಯಾಡ ಕಣೋ, ಕೈ ಐತಲ್ಲ! ಒಂದು ಚಪ್ಪಾಳೆ ಅಂದ್ರೆ ಬಿಡು, ಎರಡು ಅಂದ್ರೆ ಹೊಡಿ” ಎಂದೆ. ಅಲ್ಲಿ ಒಬ್ಬ ಹುಡುಗ ನನ್ನಂತೆ ತೊದಲಿ ಅಣಕಿಸಿದಾಗ ಅವನ ಬಾಯಿ ಮುಚ್ಚಿ ಹಿಡಿದು, “ಇನ್ನೊಂದ್ಸಲ ಅಂದ್ರೆ ಹಲ್ಲನ್ನ ಜೇಬಿನಾಗೆ ಹಾಕ್ಕಂಡು ಹೋಗ್ತಿ” ಎಂದವನೂ ನೀನೇ.

ಹೆಣ್ಣು ನೋಡಲು ನಿಮ್ಮ ಮನೆಗೆ ಬಂದ ದಿನ ನಿಮ್ಮವ್ವ ಏನು ಕೇಳಿದರೂ ಉತ್ತರ ಹೇಳಿದವನು ನೀನು. “ನಮ್ಮ ಏಕಾಂತ ಗಂಭೀರ ಕಣವ್ವ. ಹತ್ತು ಕೇಳಿದ್ರೆ ಒಂದು ಹೇಳೋ ಪೈಕಿ” ಎಂದೆ. ನಿಜ ಹೇಳಿಬಿಡೋಣ ಎಂದು ನಾನು ನಿನ್ನ ಕೈ ಹಿಸುಕಿದರೆ, ಕಣ್ಣಲ್ಲೇ ಗದರಿದೆ. ಮದುವೆಯಾದ ಮೇಲೆ ದಾಕ್ಷಾಯಣಿಗೆ ನಾನೇ ಹೇಳಿದೆ, ಹೇಳುವ ಹೊತ್ತಿಗೆ ಬೆವರಿ ನೀರಾದೆ. ಅವಳು ಕಾದು ಕೂತು ಪೂರ್ತಿ ಕೇಳಿ, “ನಿಧಾನಕ್ಕೆ ಬರ್ಲಿ ಬಿಡ್ರಿ, ನಂಗೇನು ಅವಸರ ಐತೆ?” ಎಂದಳು. ಅವಳೂ ತವರಿನಲ್ಲಿ ಯಾರಿಗೂ ಹೇಳಲಿಲ್ಲ. ಇಷ್ಟು ವರ್ಷ ನಿಮ್ಮ ಮನೆಯಲ್ಲಿ ನಾನು ಗಂಭೀರನಾಗಿಯೇ ಉಂಡೆ, ಗಂಭೀರನಾಗಿಯೇ ಮಲಗಿದೆ.

ಆ ದಿನ ಮೊದಲರ್ಧ ಆಟ ಸಮಸಮವಾಗಿತ್ತು. ನನ್ನ ಚಪ್ಪಾಳೆ ಅಂಜನಪ್ಪನಿಗೆ ಕೇಳುತ್ತಿತ್ತು. ಬಿಡುವಿನಲ್ಲಿ ನೀನು ಬಂಡೆ ಇಳಿದು ತಮಟೆಯವರ ಹತ್ತಿರ ಹೋಗಿ ಏನೋ ಹೇಳಿದ್ದನ್ನು ನೋಡಿದೆ. ಅವರಿಗೆ ಎಲೆಯಡಿಕೆ ಕೊಡುತ್ತಿದ್ದೀಯೆ ಎಂದುಕೊಂಡೆ.

ಎರಡನೆಯ ಅರ್ಧದಲ್ಲಿ ಚೆಂಡು ನನ್ನ ಗೋಲಿನ ಹತ್ತಿರ ಬಂದಾಗಲೆಲ್ಲ ನಿನ್ನ ಕೈ ಮೇಲೇಳುತ್ತಿತ್ತು. ಕೈ ಎದ್ದರೆ ಇದ್ದಬದ್ದ ತಮಟೆಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಬಡಿಯುವವರಿಗೆ ಯಾಕೆಂದು ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು. ನನ್ನ ಅಂಗೈ ಕೆಂಪಗಾಗುವಂತೆ ತಟ್ಟಿದರೂ ನನಗೇ ನನ್ನ ಚಪ್ಪಾಳೆ ಕೇಳಲಿಲ್ಲ. ಇದು ಸಹ ಆಟ ಎನ್ನು, ಒಪ್ಪುತ್ತೇನೆ. ಊರಿನ ಸದ್ದು ಊರಿನ ಕಡೆಗೇ ಇರುತ್ತದೆ. ಇಲ್ಲಿಗೆ ನಿಲ್ಲಿಸಿದ್ದರೆ ನಾನು ಸೋತು ಬಂದು ನಿಮ್ಮ ಮನೆಯಲ್ಲಿ ಹೋಳಿಗೆ ಉಣ್ಣುತ್ತಿದ್ದೆ.

ಕೊನೆಯ ಹೊತ್ತು. ಚೆಂಡು ಎತ್ತರಕ್ಕೆ ಹಾರಿ ನಮ್ಮಿಬ್ಬರ ನಡುವೆ ಇಳಿಯುತ್ತಿತ್ತು. ಅಂಜನಪ್ಪ ಹಿಂದಕ್ಕೆ ತಿರುಗಿ, “ಬಿಡ್ಲಾ ಹೊಡಿಲಾ? ಹೇಳ್ರೀ!” ಎಂದು ಗಂಟಲು ಹರಿದುಕೊಂಡ. ನಾನು ಬಾಯಿ ತೆರೆದೆ. ಅದೇ ಗಳಿಗೆಗೆ ನೀನು ಕೈ ಇಳಿಸಿದೆ.

ಎಲ್ಲ ಸದ್ದೂ ನಿಂತಿತು, ಮುರುಗೇಶ. ಅಷ್ಟು ಜನ, ಅಷ್ಟು ತಮಟೆ, ಒಂದು ಕಾಗೆ ಕೂಗಿದ್ದೂ ಕೇಳುವಷ್ಟು ನಿಶ್ಶಬ್ದ. ಅದರ ನಡುವೆ ನನ್ನ ಬಾಯಿ ಒಂದೇ. “ಬ್ಬ... ಬ್ಬ... ಬ್ಬ...”

ಮೊದಲು ತಿರುಗಿ “ಬ್ಬ ಬ್ಬ ಬ್ಬ” ಎಂದದ್ದು ಒಂದೇ ದನಿ. ತುಮಕೂರಿನ ಬಿಡಾರದಲ್ಲಿ ಬೆಳಗಾಗೆದ್ದು ನನ್ನನ್ನು ಎಬ್ಬಿಸುತ್ತಿದ್ದ ದನಿ ಅದು, ನನಗೆ ಗುರುತು ತಪ್ಪುತ್ತದೆಯೇ? ಆಮೇಲೆ ನಿನ್ನ ಸುತ್ತಲಿನವರು. ಆಮೇಲೆ ಆ ಇಳಿಜಾರೆಲ್ಲ. ತಮಟೆಗಳೂ ಅದೇ ತಾಳಕ್ಕೆ ಬಿದ್ದವು. ಜನ ನಿಲ್ಲಿಸಿ ಉಸಿರು ತೆಗೆದುಕೊಂಡರೆ ಕೋಟೆಯ ಕಡೆಯಿಂದ ಅದು ತಿರುಗಿ ಬರುತ್ತಿತ್ತು. ನಿಮ್ಮ ದುರ್ಗದ ಬಂಡೆಗಳೂ ನನ್ನನ್ನು ನೋಡಿ ತೊದಲಿದವು.

ಚೆಂಡು ನನಗೂ ಅಂಜನಪ್ಪನಿಗೂ ನಡುವೆ ಬಿದ್ದು ನಿಧಾನವಾಗಿ ಉರುಳಿ ಒಳಗೆ ಹೋಯಿತು. ಆಟ ನಡೆಸುತ್ತಿದ್ದ ಮೇಷ್ಟ್ರು ಊದಿದ ಸೀಟಿಯೂ ಯಾರಿಗೂ ಕೇಳಲಿಲ್ಲ. ನಿಮ್ಮವರಿಗೆ ಗೋಲಿನ ಮೇಲೆ ಆಸೆಯೇ ಹೋಗಿತ್ತು, ಅದಕ್ಕಿಂತ ರುಚಿಯಾದ ಆಟ ಸಿಕ್ಕಿತ್ತು. ನೀರು ಕುಡಿಯಲು ಹೋದರೆ ಬ್ಬ ಬ್ಬ, ಗಾಡಿ ಹತ್ತಿದರೆ ಬ್ಬ ಬ್ಬ. ಊರ ಬಾಗಿಲವರೆಗೂ ಗಾಡಿಯ ಹಿಂದೆ ಓಡಿಬಂದು ಬೀಳ್ಕೊಟ್ಟರು. ಅಷ್ಟು ಮರ್ಯಾದೆ ಮದುವೆಯ ದಿನವೂ ನನಗೆ ಸಿಕ್ಕಿರಲಿಲ್ಲ.

ಹೆಂಗಸರ ಬಂಡೆಯ ಮೇಲೆ ನಿಮ್ಮವ್ವ ನಿಂತಿದ್ದರು. ಅವರು ನಗಲಿಲ್ಲ, ಕೂಗಲಿಲ್ಲ, ಸೆರಗು ಬಾಯಿಗೆ ಹಿಡಿದುಕೊಂಡು ನನ್ನನ್ನೇ ನೋಡಿದರು. ಆಮೇಲೆ ದಾಕ್ಷಾಯಣಿಯನ್ನು ಕೇಳಿದರಂತೆ: “ಇದನ್ನ ಮುಚ್ಚಿಟ್ಟು ನಿನ್ನ ತಗಂಡ್ರೇನೇ?” ನೀನು ಅಲ್ಲೇ ಕೂತು ಊಟ ಮಾಡುತ್ತಿದ್ದೆಯಂತೆ. ‘ಮುಚ್ಚಿಟ್ಟವನು ನಾನು’ ಎಂಬ ಮಾತು ನಿನ್ನ ಬಾಯಿಂದ ಬರಲಿಲ್ಲವಂತೆ. ಬಾಯಿ ನೆಟ್ಟಗಿರುವವರಿಗೂ ಕೆಲವು ಮಾತು ಬರುವುದಿಲ್ಲ, ಅಲ್ಲವೇ?

ಈಗ ನಮ್ಮೂರಿನ ಸುದ್ದಿ. ಶಿವರಾತ್ರಿ ಕಳೆದ ಮೇಲೆ ನೀವು ಇಲ್ಲಿಗೆ ಆಡಲು ಬರುತ್ತೀರಿ. ವೇದಾವತಿಯ ದಂಡೆಯ ಬಯಲನ್ನು ಕೆತ್ತಿ ಹಸನು ಮಾಡಿದ್ದಾರೆ. ಸುತ್ತಲ ಹಳ್ಳಿಗಳಿಂದ ತಮಟೆ ಗೊತ್ತು ಮಾಡಿದ್ದಾರೆ. ನಮ್ಮಲ್ಲಿ ಬೆಟ್ಟ ಹತ್ತಿರವಿಲ್ಲ, ಕೂಗಿದ್ದು ತಿರುಗಿ ಬರುವುದಿಲ್ಲ, ನೆಟ್ಟಗೆ ಹೋಗಿ ನಾಟುತ್ತದೆ. ಅಂಜನಪ್ಪ ದಿನಕ್ಕೊಂದು ಸಲ ಮಂಡಿಗೆ ಬಂದು ಕೇಳುತ್ತಾನೆ: “ಬುದ್ಧಿ, ನಿಮ್ ಭಾವಂದು ಕೂಗಿ ಹಂಗಿಸಾಕೆ ಏನಾದ್ರೂ ಐತಾ? ಒಂದೇ ಒಂದು ಕೊಡ್ರಿ ಸಾಕು. ಉಳಿದದ್ದು ನಾವು ನೋಡ್ಕಂತೀವಿ.”

ಐತೆ. ತುಮಕೂರಿನ ಬಾವಿಕಟ್ಟೆಯ ಮೇಲೆ ಕೂತು ನೀನು ಅತ್ತುಕೊಂಡು ಹೇಳಿದ್ದು ಐತೆ. ನಾನು ಕೊಟ್ಟಿಲ್ಲ. ನಿನ್ನ ಮೇಲಿನ ಕರುಣೆಯಿಂದ ಎಂದು ತಿಳಿಯಬೇಡ. ನೀನು ಬಂದು ನಮ್ಮ ಬಯಲಲ್ಲಿ ನಿಂತಿರುವಷ್ಟು ಹೊತ್ತೂ ಅದು ನನ್ನ ಬಾಯಲ್ಲೇ ಇರಲಿ. ನನ್ನ ಬಾಯಲ್ಲಿ ಮಾತು ಎಷ್ಟು ಹೊತ್ತು ನಿಲ್ಲಬಲ್ಲದು, ಯಾವಾಗ ಹೊರಗೆ ಬೀಳಬಲ್ಲದು ಎಂಬುದು ನಿನಗೆ ಗೊತ್ತಲ್ಲ. ಎದ್ದ ಪ್ರತಿ ಕೂಗಿಗೂ ಅದು ಇದೇನಾ ಎಂದು ನೀನು ಕಿವಿ ನಿಮಿರಿಸಬೇಕು. ಇಷ್ಟೇ ನನ್ನ ಆಸೆ.

ಇನ್ನು ಕಿವಿ ಚುಚ್ಚುವ ಮಾತು. ಫಾಲ್ಗುಣದಲ್ಲಿ ಒಂದು ಒಳ್ಳೆಯ ದಿನ ನೋಡಿದ್ದೇವೆ. ಯಾವ ದಿನವೆಂದು ನಿನಗೆ ತಿಳಿಸುವುದಿಲ್ಲ. ನಿನ್ನ ಮುರು ನಿನ್ನಲ್ಲೇ ಇರಲಿ. ಮಗು ನನ್ನ ತೊಡೆಯ ಮೇಲೆ ಕೂರುತ್ತದೆ. ಶಾಸ್ತ್ರ ಕೆಟ್ಟರೆ ಕೆಡಲಿ. ಅವಳು ಆ ದಿನ ನಿನ್ನ ಹೆಗಲ ಮೇಲೆ ಕೂತಿದ್ದಳು, ಅವಳ ಮೇಲಿನ ನಿನ್ನ ಹಕ್ಕೆಲ್ಲ ಅಲ್ಲಿಗೇ ತೀರಿತು. ದಾಕ್ಷಾಯಣಿಯ ಕೈಲಿ ಒಂದು ಸಾಲು ಬರೆಸೋಣ ಎಂದುಕೊಂಡೆ. ಅವಳು, “ನಮ್ಮಣ್ಣ ಬ್ಯಾಡ ಅಂತ ನೀವೇ ಬರೀರಿ. ನಾನು ತಡೆಯಾಕಿಲ್ಲ. ಆದ್ರೆ ನನ್ನ ಕೈಲಿ ಬರೆಸಬ್ಯಾಡ್ರಿ” ಎಂದಳು. ಆದ್ದರಿಂದ ನಾನೇ ಬರೆದಿದ್ದೇನೆ. ಆಟ ಮುಗಿದ ಮೇಲೆ ನಮ್ಮ ಮನೆಗೆ ಊಟಕ್ಕೆ ಬರಬೇಡ. ಊರಲ್ಲಿ ಮಠವಿದೆ, ದಾಸೋಹವಿದೆ.

ಅತ್ತೆಯವರಿಗೆ ನನ್ನ ಶರಣು ತಿಳಿಸು. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಅವರು ಬಾಯ್ತುಂಬ ಮಾತನಾಡುವಂತಾಗಲಿ, ಅವರ ಮಾತನ್ನು ಅವರ ಗೆಳೆಯರು ಕಾಯಲಿ.

ಇಂತು ನಿನ್ನ
ಏಕಾಂತಪ್ಪ

ಮತ್ತೆ ಬರೆದದ್ದು: ಕಾಗದ ಮಡಚಿ ಅಂಟು ಹಚ್ಚುವವನಿದ್ದೆ, ತಡೆದು ಬಿಚ್ಚಿದೆ. ನಿನಗೆ ಇನ್ನೊಂದು ಸಂಗತಿ ಗೊತ್ತು. ಕಥೆ ಹೇಳುವಾಗ ನನಗೆ ತೊದಲು ಬರುವುದಿಲ್ಲ. ಹಳ್ಳಿಯಲ್ಲಿ ನಮ್ಮಜ್ಜಿ ಬಸಮ್ಮ ಕಂಡುಹಿಡಿದದ್ದು ಅದು. “ಕಥೆ ಹಿಂದಿನೋರದು ಮಗಾ, ಅವರೇ ಹೇಳಿಸ್ತಾರೆ. ನೀನು ಬರೀ ಬಾಯಿ ತೆರಿ” ಎನ್ನುತ್ತಿದ್ದಳು. ಪಾರಿಗೆ ಮಾತು ತಿಳಿಯುವಂತಾದಾಗಿನಿಂದ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಒಂದು ಕಥೆ ಹೇಳುತ್ತಿದ್ದೆ. ಅವಳಿಗೆ ಗೊತ್ತಿದ್ದ ಅಪ್ಪ ಕಥೆಯ ಅಪ್ಪ, ಎಲ್ಲೂ ಎಡವದವನು.

ತವರಿನಿಂದ ಬಂದ ಮೇಲೆ ಮಗು ಒಂದು ಹೊಸದು ಕಲಿತುಕೊಂಡು ಬಂದಿದೆ. ತಟ್ಟೆ ಕವುಚಿ ಹಾಕಿಕೊಂಡು ಬಡಿಯುತ್ತ “ಬ್ಬ ಬ್ಬ ಬ್ಬ” ಎನ್ನುತ್ತದೆ. ಅದು ಮಾವ ಕಲಿಸಿದ ಅಪ್ಪನ ಹಾಡಂತೆ. “ದುರ್ಗದಾಗೆ ಎಲ್ಲಾರೂ ನಮ್ಮಪ್ಪಂದೇ ಹಾಡು ಹೇಳಿದ್ರು” ಎಂದು ಓಣಿಯವರಿಗೆಲ್ಲ ಹೆಮ್ಮೆಯಿಂದ ಹೇಳುತ್ತದೆ. ನಾವು ಬೈದಿಲ್ಲ. ಬೈದರೆ ಅದು ಹಾಡಲ್ಲವೆಂದು ಅವಳಿಗೆ ತಿಳಿದುಹೋಗುತ್ತದೆ.

ಸಂಕ್ರಾಂತಿಯ ಸಂಜೆ ಕಥೆ ಶುರುಮಾಡಿದೆ. ಒಂದೂರಿನ ಬಾಗಿಲಿಗೆ ಒಬ್ಬ ಬಡವ ಬಂದು ನಿಂತ ಎನ್ನಬೇಕು. ಒಂದೂರು ಬಂತು, ಬಾಗಿಲು ಬಂತು. ಪಾರಿ ನನ್ನ ತುಟಿಯನ್ನೇ ನೋಡುತ್ತಿದ್ದಳು. ಬಡವನ ಹತ್ತಿರ ಬಂದಾಗ ಅಗುಳಿ ಬಿತ್ತು. ಕಥೆಯೊಳಗೆ ಹಾಗಾದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಮಗು ಕುಣಿದು ಚಪ್ಪಾಳೆ ತಟ್ಟಿ, “ಅವ್ವಾ, ಅಪ್ಪಾನೂ ಹಾಡ್ತಾ ಐತೆ!” ಎಂದು ಒಳಕ್ಕೆ ಓಡಿತು.

ಆ ಬಡವ ಇನ್ನೂ ಊರ ಬಾಗಿಲಲ್ಲೇ ನಿಂತಿದ್ದಾನೆ, ಮುರುಗೇಶ. ಒಳಗೆ ಕರೆಯಲು ನನ್ನ ಕೈಲಾಗುತ್ತಿಲ್ಲ.